ಬೈಕಿನ ಸ್ಪಾರ್ಕ್ ಪ್ಲಗ್‌ಗೆ ಸರಿಯಾದ ಸ್ಪ್ಯಾನರ್ ಹುಡುಕುವುದು: ಪ್ಲಗ್ಗನ್ನೇ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ

ಮೊದಲ ಸಲ ಪ್ಲಗ್ ಸ್ಪ್ಯಾನರ್ ತರಲು ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋದಾಗ ನಾನು ಎಲ್ಲಾ ಗೊತ್ತಿರುವವನ ಹಾಗೆ ಕೇಳಿದೆ: “ಅಣ್ಣಾ, ಹತ್ತು ಎಂಎಂ ಪ್ಲಗ್ ಸ್ಪ್ಯಾನರ್ ಕೊಡಿ.”

ಅಂಗಡಿಯವರು ಒಂದು ಕ್ಷಣ ನನ್ನ ಮುಖ ನೋಡಿದರು. “ಹತ್ತಾ? ಯಾವ ಗಾಡಿ ಸಾರ್?”

“ಸ್ಪ್ಲೆಂಡರ್.”

“ಹಾಗಾದ್ರೆ ಹದಿನಾರು ತಗೊಳ್ಳಿ. ಹತ್ತು ಅನ್ನೋದು ಥ್ರೆಡ್ಡು. ಸ್ಪ್ಯಾನರ್ ಥ್ರೆಡ್ ಮೇಲೆ ಕೂರಲ್ಲ.”

ಥ್ರೆಡ್ ಅಂದರೆ ಪ್ಲಗ್ ಇಂಜಿನ್ನಿನೊಳಗೆ ತಿರುಗಿ ಕೂರುವ ಸುರುಳಿ ಗೆರೆಯ ಭಾಗ. ಅಷ್ಟೇ ವಿಷಯ. ಆದರೆ ಅವರು ಹೇಳದೆ ಇದ್ದಿದ್ದರೆ ನಾನು ಹತ್ತರ ಸಾಕೆಟ್ಟನ್ನೇ (ಹಿಡಿಗೆ ಸಿಕ್ಕಿಸಿ ತಿರುಗಿಸುವ, ಬಟ್ಟಲಿನಂಥ ಸ್ಪ್ಯಾನರ್) ಮನೆಗೆ ತಂದು, ಅದು ಪ್ಲಗ್ಗಿನ ಮೇಲೆ ಕೂರದೆ ನಿಂತಾಗ ಬೈಕನ್ನೇ ಬೈಯುತ್ತಿದ್ದೆ. ಆಮೇಲೆ ನನ್ನ, ತಮ್ಮನ, ಪಕ್ಕದ ಮನೆಯವರ ಬೈಕುಗಳ ಪ್ಲಗ್ ಬಿಚ್ಚಿ ಹಾಕಿ ಕಲಿತದ್ದು ಇದು: ಪ್ಲಗ್ ಬದಲಿಸುವುದು ಹತ್ತು ನಿಮಿಷದ ಕೆಲಸ. ತಲೆನೋವು ಇರುವುದು ಆ ಪ್ಲಗ್ಗಿನ ಮೇಲೆ ಸರಿಯಾಗಿ ಕೂರುವ, ಪ್ಲಗ್ ಕೂತಿರುವ ಗುಂಡಿಯೊಳಗೆ ಇಳಿಯುವ, ಆ ಟ್ಯಾಂಕಿನ ಕೆಳಗೆ ತಿರುಗುವ ಸ್ಪ್ಯಾನರ್ ಹುಡುಕುವುದರಲ್ಲಿ. ಅಂದರೆ ನೋಡಬೇಕಾದ ಅಳತೆ ಮೂರು. ಜಾಸ್ತಿ ಜನ ಒಂದನ್ನೇ ನೋಡುತ್ತಾರೆ. ಅದನ್ನೂ ನನ್ನ ಹಾಗೆ ತಪ್ಪಾಗಿ.

ಮೊದಲು ಸೀಟಿನ ಕೆಳಗೆ ನೋಡಿ

ಏನನ್ನೂ ಕೊಳ್ಳುವ ಮುಂಚೆ ಬೈಕಿನ ಜೊತೆ ಬಂದ ಟೂಲ್ ಕಿಟ್ ಹುಡುಕಿ. ಸೀಟಿನ ಕೆಳಗೋ ಸೈಡ್ ಪ್ಯಾನೆಲ್ ಒಳಗೋ ಒಂದು ಕಪ್ಪು ಚೀಲ ಇರುತ್ತದೆ. ಅದರಲ್ಲಿ ಕೊಳವೆ ಆಕಾರದ, ಅಡ್ಡಕ್ಕೆ ತೂತಿರುವ ಒಂದು ಸ್ಪ್ಯಾನರ್ ಇದ್ದರೆ ಅದೇ ಪ್ಲಗ್ ಸ್ಪ್ಯಾನರ್. ತೂತಿನಲ್ಲಿ ಟಾಮಿ ಸರಳನ್ನೋ ಸ್ಕ್ರೂಡ್ರೈವರನ್ನೋ ತೂರಿಸಿ ತಿರುಗಿಸಬೇಕು.

ಇದನ್ನು ಕಂಡರೆ ಎಲ್ಲರಿಗೂ ತಾತ್ಸಾರ. ತಗಡಿನ ಹಾಗೆ ತೆಳು, ಬಿಗಿಯಾದ ಪ್ಲಗ್ಗಿಗೆ ಹಾಕಿ ಒತ್ತಿದರೆ ಬಾಯಿ ಅಗಲವಾಗುತ್ತದೆ ಎನ್ನುತ್ತಾರೆ. ಅದು ನಿಜವೇ. ಆದರೆ ಅದು ನಿಮ್ಮ ಬೈಕಿನ ಪ್ಲಗ್ಗಿಗೇ, ನಿಮ್ಮ ಬೈಕಿನ ಗುಂಡಿಗೇ ಅಂತ ಮಾಡಿದ್ದು. ಅಳತೆ ಸರಿ ಇರುತ್ತದೆ, ಗೋಡೆ ತೆಳು ಇರುವುದರಿಂದ ಇಕ್ಕಟ್ಟಿನಲ್ಲೂ ಇಳಿಯುತ್ತದೆ. ಬೇರೆ ಒಳ್ಳೆಯದು ಕೊಳ್ಳುವುದಿದ್ದರೂ ಮಾದರಿಗೆ ಇದನ್ನೇ ತೆಗೆದುಕೊಂಡು ಹೋಗಬಹುದು. ಕೆಲವು ಕಿಟ್ ಸ್ಪ್ಯಾನರ್‌ಗಳ ಮೈಮೇಲೆ 16 ಅಂತಲೋ 18 ಅಂತಲೋ ಒತ್ತಿರುತ್ತಾರೆ.

ಸೆಕೆಂಡ್ ಹ್ಯಾಂಡ್ ಬೈಕಾದರೆ ಆ ಚೀಲದಲ್ಲಿ ಒಂದು ಒರೆಸೋ ಬಟ್ಟೆ, ಎರಡು ಹಳೇ ಫ್ಯೂಸು ಬಿಟ್ಟರೆ ಏನೂ ಇರುವುದಿಲ್ಲ. ಹಾಗಿದ್ದರೆ ಮುಂದೆ ಓದಿ.

ಅಳೆಯಬೇಕಾದದ್ದು ಯಾವ ಜಾಗ?

ಒಂದು ಪ್ಲಗ್ ಕೈಯಲ್ಲಿ ಹಿಡಿದು ಮೇಲಿಂದ ನೋಡುತ್ತಾ ಬನ್ನಿ. ತುದಿಯಲ್ಲಿ ಕ್ಯಾಪ್ ಕೂರುವ ಲೋಹದ ಮೊಳೆ. ಅದರ ಕೆಳಗೆ ಬಿಳಿ ಪಿಂಗಾಣಿ. ಅದರ ಕೆಳಗೆ ನಟ್ಟಿನ ಹಾಗೆ ಆರು ಮುಖ ಇರುವ ಕಬ್ಬಿಣದ ಭಾಗ. ಆಮೇಲೆ ವಾಷರ್, ಥ್ರೆಡ್, ಕೊನೆಗೆ ಕಿಡಿ ಹಾರುವ ಎಲೆಕ್ಟ್ರೋಡ್. ಸ್ಪ್ಯಾನರ್ ಹಿಡಿಯುವುದು ಆ ಆರು ಮುಖದ ಭಾಗವನ್ನು. ಎದುರುಬದುರು ಇರುವ ಎರಡು ಚಪ್ಪಟೆ ಮುಖಗಳ ನಡುವಿನ ದೂರವೇ ಸ್ಪ್ಯಾನರ್ ಸೈಜು. ಮೂಲೆಯಿಂದ ಮೂಲೆಗೆ ಅಳೆಯಬೇಡಿ, ಜಾಸ್ತಿ ಬರುತ್ತದೆ.

ಉದ್ದದ ಪಿಂಗಾಣಿಯನ್ನು ಪೂರ್ತಿ ನುಂಗಿಕೊಂಡು ಆಮೇಲೆ ಆ ಆರು ಮುಖದ ಮೇಲೆ ಕೂರಬೇಕಾದ್ದರಿಂದ ಸಾಮಾನ್ಯ ಗಿಡ್ಡ ಸಾಕೆಟ್ ಇಲ್ಲಿ ನಡೆಯುವುದಿಲ್ಲ. ಡೀಪ್ ಸಾಕೆಟ್ ಬೇಕು.

ನಮ್ಮ ರಸ್ತೆಯ ಬೈಕುಗಳಲ್ಲಿ ಸಿಗುವ ಸೈಜು ಹೆಚ್ಚಾಗಿ ಮೂರು: 16, 18, 21. ಕೆಲವು ಹೊಸ ಬೈಕುಗಳಲ್ಲಿ 14 ಕೂಡ ಬಂದಿದೆ. ಹಳೆಯ ಕಾಲದಲ್ಲಿ ಇಷ್ಟು ಗೊಂದಲ ಇರಲಿಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ, ಹಳೆಯ ಬುಲೆಟ್, ಚೇತಕ್ ಸ್ಕೂಟರ್, ಆರ್‌ಎಕ್ಸ್ 100, ಇವಕ್ಕೆಲ್ಲ 14 ಮಿಮೀ ಥ್ರೆಡ್ಡಿನ ದಪ್ಪ ಪ್ಲಗ್, 21ರ ಸ್ಪ್ಯಾನರ್. ಅಂಗಡಿಗೆ ಹೋಗಿ “ಮೈಕೋ ಪ್ಲಗ್ ಕೊಡಿ” ಅಂದರೆ ಆಯ್ತು. ಆಡುಗೋಡಿಯ ಮೈಕೋ ಕಂಪನಿ 1951ರಲ್ಲಿ ಶುರುವಾದದ್ದು. ಅದು 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಕಡೆ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಪ್ಲಗ್ ಇನ್ನೂ ಮೈಕೋನೇ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅಪ್ಪನ ಕಾಲದ ಟೂಲ್ ಡಬ್ಬಿಯಲ್ಲಿ ಗಟ್ಟಿಮುಟ್ಟಾದ ಒಂದು ಪ್ಲಗ್ ಸ್ಪ್ಯಾನರ್ ಸಿಕ್ಕರೆ ಅದು ಬಹುತೇಕ 21ರದ್ದು. ದಿನಾ ಓಡಾಡುವ ಇವತ್ತಿನ ಸಣ್ಣ ಬೈಕಿಗೆ ಅದು ಬರುವುದಿಲ್ಲ. ಬಟ್ಟೆ ಸುತ್ತಿ, ತಗಡು ತೂರಿಸಿ ಬಿಗಿ ಮಾಡಲು ಹೋಗಬೇಡಿ.

ಪ್ಲಗ್ ಮೇಲಿನ ನಂಬರ್ ಓದುವುದು

ಪ್ಲಗ್ಗಿನ ಪಿಂಗಾಣಿ ಮೇಲೆ ಅದರ ನಂಬರ್ ಇರುತ್ತದೆ. ಬೈಕಿನ ಓನರ್ ಮ್ಯಾನುಯಲ್‌ನಲ್ಲೂ ಯಾವ ನಂಬರ್ ಹಾಕಬೇಕು ಅಂತ ಬರೆದಿರುತ್ತಾರೆ. ಆ ಅಕ್ಷರಗಳಲ್ಲೇ ಸ್ಪ್ಯಾನರ್ ಸೈಜೂ ಅಡಗಿದೆ.

ಎನ್‌ಜಿಕೆ ಕಂಪನಿಯ ಪ್ಲಗ್‌ಗಳಲ್ಲಿ ಮೊದಲ ಅಕ್ಷರ ನೋಡಿ. ಸಿ ಇದ್ದರೆ 10 ಮಿಮೀ ಥ್ರೆಡ್, ಸ್ಪ್ಯಾನರ್ 16. ಸಣ್ಣ ಬೈಕುಗಳಲ್ಲಿ, ಸ್ಕೂಟರ್‌ಗಳಲ್ಲಿ ಕಾಣುವ ಸಿಆರ್7ಎಚ್‌ಎಸ್‌ಎ, ಸಿಪಿಆರ್8ಇಎ-9 ಎಲ್ಲ ಈ ಗುಂಪು. ಡಿ ಇದ್ದರೆ 12 ಮಿಮೀ ಥ್ರೆಡ್, ಸ್ಪ್ಯಾನರ್ 18. ಬಿ ಇದ್ದರೆ 14 ಮಿಮೀ ಥ್ರೆಡ್, ಸ್ಪ್ಯಾನರ್ ಸಾಮಾನ್ಯವಾಗಿ 21. ಅದರ ನಿಜವಾದ ಅಳತೆ 20.8 ಮಿಮೀ, ಅಂಗಡಿಯಲ್ಲಿ 21 ಎಂದೋ 13/16 ಇಂಚು ಎಂದೋ ಸಿಗುತ್ತದೆ.

ಇಲ್ಲೊಂದು ಕೊಕ್ಕೆ ಇದೆ. ಬಿ ಆದಮೇಲೆ ಕೆ ಅಥವಾ ಸಿ ಬಂದರೆ, ಉದಾಹರಣೆಗೆ ಬಿಕೆಆರ್6ಇ, ಥ್ರೆಡ್ ಅದೇ 14 ಮಿಮೀ, ಆದರೆ ಸ್ಪ್ಯಾನರ್ 16. ಇತ್ತ ಎಲ್‌ಎಂಎಆರ್ ಎಂದು ಶುರುವಾಗುವ ಹೊಸ ಪ್ಲಗ್‌ಗಳಲ್ಲಿ ಥ್ರೆಡ್ 10 ಮಿಮೀ, ಸ್ಪ್ಯಾನರ್ 14. ಅಂದರೆ ಥ್ರೆಡ್ ನೋಡಿ ಸ್ಪ್ಯಾನರ್ ಊಹಿಸುವ ಹಾಗೇ ಇಲ್ಲ. ಬಾಷ್ ಪ್ಲಗ್‌ಗಳಲ್ಲೂ ಹೀಗೆಯೇ: ಡಬ್ಲ್ಯೂ, ಎಫ್ ಎರಡೂ 14 ಮಿಮೀ ಥ್ರೆಡ್, ಆದರೆ ಡಬ್ಲ್ಯೂಗೆ 21, ಎಫ್‌ಗೆ 16. ಯು ಎಂದಿದ್ದರೆ ಥ್ರೆಡ್ 10, ಸ್ಪ್ಯಾನರ್ 16.

ನಂಬರ್ ಅಳಿಸಿಹೋಗಿದ್ದರೆ, ಅಥವಾ ಈ ಅಕ್ಷರಗಳ ಸಹವಾಸವೇ ಬೇಡ ಅನ್ನಿಸಿದರೆ, ನನ್ನ ದಾರಿ ಸುಲಭ. ಸ್ಪ್ಯಾನರ್‌ಗಿಂತ ಮೊದಲು ಹೊಸ ಪ್ಲಗ್ ಕೊಳ್ಳಿ. ಬೈಕಿನ ಹೆಸರು, ಮಾಡೆಲ್ ವರ್ಷ ಹೇಳಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ತೆಗೆದುಕೊಳ್ಳಿ, ಮ್ಯಾನುಯಲ್‌ನ ನಂಬರಿಗೆ ತಾಳೆ ನೋಡಿ. ಹೇಗೂ ಅದು ಬೇಕೇ ಬೇಕಲ್ವಾ? ಆ ಪ್ಲಗ್ಗನ್ನೇ ಜೇಬಿನಲ್ಲಿಟ್ಟುಕೊಂಡು ಟೂಲ್ ಅಂಗಡಿಗೆ ಹೋಗಿ. ಸಾಕೆಟ್ಟನ್ನು ಅದರ ಮೇಲೆ ಕೂರಿಸಿ ನೋಡಿ. ಇದಕ್ಕಿಂತ ಖಚಿತ ಅಳತೆ ಇಲ್ಲ.

ಮನೆಯಲ್ಲೇ ಅಳೆಯಬೇಕು, ಅಳತೆಯ ವರ್ನಿಯರ್ ಕ್ಯಾಲಿಪರ್ ಇಲ್ಲ ಅಂದರೆ ಸಾಮಾನ್ಯ ಡಬಲ್ ಎಂಡ್ ಸ್ಪ್ಯಾನರ್ ಸೆಟ್ ಸಾಕು. 16-17ರ ಸ್ಪ್ಯಾನರಿನ 16ರ ಬಾಯಿಗೆ ಪ್ಲಗ್ ಅಲುಗಾಡದೆ ಕೂತರೆ 16. 18-19ರದ್ದರಲ್ಲಿ 18ಕ್ಕೆ ಕೂತರೆ 18. 20-22ರದ್ದರಲ್ಲಿ 20ಕ್ಕೆ ಹೋಗದೆ 22ರಲ್ಲಿ ಲೊಡಲೊಡ ಅಂದರೆ ಅದು 21.

ಎರಡನೇ ಅಳತೆ: ಗುಂಡಿ

ಅಂಗಡಿಯಲ್ಲಿ ಚೆನ್ನಾಗಿ ಕೂತ ಸಾಕೆಟ್ ಮನೆಯಲ್ಲಿ ಕೈಕೊಡುವುದು ಇಲ್ಲೇ. ಸ್ಪ್ಲೆಂಡರ್, ಆರ್‌ಎಕ್ಸ್ 100ರಂಥ ಬೈಕುಗಳಲ್ಲಿ ಪ್ಲಗ್ ಬಯಲಲ್ಲಿದೆ, ಹೊರಗಿನಿಂದಲೇ ಕಾಣುತ್ತದೆ. ಅಂಥ ಬೈಕಿನವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಆದರೆ ಹೆಡ್ಡಿನಲ್ಲಿ (ಸಿಲಿಂಡರನ್ನು ಮುಚ್ಚುವ, ಪ್ಲಗ್ ಕೂರುವ ಭಾಗ) ನಾಲ್ಕು ವಾಲ್ವ್ ಇರುವ ಬಹಳಷ್ಟು ಇಂಜಿನ್‌ಗಳಲ್ಲಿ ಪ್ಲಗ್ ಬಾವಿಯಂಥ ಗುಂಡಿಯ ತಳದಲ್ಲಿ ಕೂತಿರುತ್ತದೆ. ಒಳಗಿನ ಸೈಜು 16 ಆಗಿದ್ದರೂ ಸಾಕೆಟ್ಟಿನ ಹೊರಮೈ ದಪ್ಪವಾಗಿದ್ದರೆ ಅದು ಗುಂಡಿಗೆ ಇಳಿಯುವುದೇ ಇಲ್ಲ. ಅರ್ಧ ಇಂಚಿನ ಡ್ರೈವ್ (ಹಿಡಿ ಸಿಕ್ಕಿಸುವ ಚೌಕ ತೂತು) ಇರುವ ಕಾರಿನ ಸಾಕೆಟ್ ತಂದವರಿಗೆ ಆಗುವುದು ಇದೇ.

ಇದಕ್ಕೆ ನಾನು ಮಾಡುವ ಉಪಾಯ ಹೇಳುತ್ತೇನೆ. ಹಳೆಯ ಮದುವೆ ಕಾಗದ ಒಂದು ತೆಗೆದುಕೊಳ್ಳಿ, ಸ್ವಲ್ಪ ದಪ್ಪ ಇರುವಂಥದ್ದು. ಅದನ್ನು ಬೀಡಿಯ ಹಾಗೆ ಬಿಗಿಯಾಗಿ ಸುರುಳಿ ಸುತ್ತಿ. ಇಂಜಿನ್ ತಣ್ಣಗಿದ್ದಾಗ ಪ್ಲಗ್ ಕ್ಯಾಪ್ ತೆಗೆದು, ಆ ಸುರುಳಿಯನ್ನು ಪ್ಲಗ್ಗಿನ ಸುತ್ತ ಗುಂಡಿಯೊಳಗೆ ಇಳಿಸಿ ಕೈಬಿಡಿ. ಕಾಗದ ತಾನೇ ಬಿಚ್ಚಿಕೊಂಡು ಗುಂಡಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಹೊರಗೆ ಚಾಚಿರುವ ಭಾಗಕ್ಕೆ ಆ ಅಳತೆಯಲ್ಲೇ ಸೆಲ್ಲೋ ಟೇಪ್ ಸುತ್ತಿ. ಗುಂಡಿಯ ಬಾಯಿ ಎಲ್ಲಿಗೆ ಬಂತು ಅಂತ ಪೆನ್ನಿನಲ್ಲಿ ಗೆರೆ ಎಳೆದು ಹೊರಗೆ ತೆಗೆಯಿರಿ. ಈಗ ನಿಮ್ಮ ಗುಂಡಿಯ ಅಗಲವೂ ಆಳವೂ ಒಂದು ಕೊಳವೆಯ ರೂಪದಲ್ಲಿ ಕೈಗೆ ಬಂತು. ಅಂಗಡಿಯಲ್ಲಿ ಸಾಕೆಟ್ಟಿನ ಮೇಲೆ ಈ ಕೊಳವೆ ಸಲೀಸಾಗಿ ಜಾರಬೇಕು. ಸಿಕ್ಕಿಹಾಕಿಕೊಂಡರೆ ಆ ಸಾಕೆಟ್ ಬೇಡ. ಗೆರೆಯವರೆಗಿನ ಉದ್ದಕ್ಕಿಂತ ಸಾಕೆಟ್, ಎಕ್ಸ್‌ಟೆನ್ಷನ್ (ಸಾಕೆಟ್ಟಿಗೂ ಹಿಡಿಗೂ ನಡುವೆ ಸೇರಿಸುವ ಸರಳು) ಸೇರಿ ಉದ್ದ ಬರಬೇಕು, ಇಲ್ಲದಿದ್ದರೆ ರ‍್ಯಾಚೆಟ್ (ಸಾಕೆಟ್ ತೆಗೆಯದೆ ಹಿಂದೆ ಮುಂದೆ ಆಡಿಸಿ ತಿರುಗಿಸುವ ಹಿಡಿ) ತಿರುಗಲು ಜಾಗ ಇರುವುದಿಲ್ಲ.

ನಾನು ಇದನ್ನು ತೆಗೆದುಕೊಂಡು ಹೋದಾಗ ಅಂಗಡಿಯವರು ಮೊದಲು ನಕ್ಕರು. ಆಮೇಲೆ ತಾವೇ ಆ ಕೊಳವೆ ಈಸಿಕೊಂಡು ಮೂರು ಸಾಕೆಟ್ ತೂರಿಸಿ ನೋಡಿದರು.

ಮೂರನೇ ಅಳತೆ: ಮೇಲಿನ ಜಾಗ

ಪ್ಲಗ್ಗಿನ ನೇರಕ್ಕೆ ಹೊರಗೆ ಎಷ್ಟು ಖಾಲಿ ಜಾಗ ಇದೆ ನೋಡಿ. ಟ್ಯಾಂಕ್, ಫ್ರೇಮಿನ ಪೈಪ್, ಹಾರ್ನ್, ರೇಡಿಯೇಟರ್ ಯಾವುದಾದರೂ ಅಡ್ಡ ಬರುತ್ತದಾ? ಸ್ಪ್ಯಾನರ್ ಒಳಗೆ ಹೋಗುವುದಷ್ಟೇ ಅಲ್ಲ, ಪ್ಲಗ್ ಕಚ್ಚಿಕೊಂಡು ಹೊರಗೂ ಬರಬೇಕು. ನನ್ನ ತಮ್ಮನ ಬೈಕಿನಲ್ಲಿ ಟಿ ಸ್ಪ್ಯಾನರ್ (ಇಂಗ್ಲಿಷ್ T ಆಕಾರದ್ದು) ಟ್ಯಾಂಕಿಗೆ ತಾಗಿ ನಿಂತುಬಿಡುತ್ತಿತ್ತು. ಅಂಥ ಕಡೆ ಒಂದೇ ಉದ್ದನೆಯ ಸ್ಪ್ಯಾನರ್‌ಗಿಂತ ತುಂಡು ತುಂಡಾಗಿ ಜೋಡಿಸುವ ಸಾಮಾನು ವಾಸಿ: ಮೊದಲು ಸಾಕೆಟ್ ಮಾತ್ರ ಇಳಿಸಿ, ಆಮೇಲೆ ಚಿಕ್ಕ ಎಕ್ಸ್‌ಟೆನ್ಷನ್ ಸೇರಿಸಿ, ಕೊನೆಗೆ ರ‍್ಯಾಚೆಟ್.

ಒಂದಕ್ಕಿಂತ ಹೆಚ್ಚು ಪ್ಲಗ್ ಇರುವ ಬೈಕಾದರೆ ಕಷ್ಟದ ಪ್ಲಗ್ಗನ್ನು ನೋಡಿ ಸ್ಪ್ಯಾನರ್ ಕೊಳ್ಳಿ. ಡಿಟಿಎಸ್-ಐ ಪಲ್ಸರ್‌ಗೆ ಒಂದೇ ಸಿಲಿಂಡರ್ ಆದರೂ ಪ್ಲಗ್ ಎರಡು. ಪಲ್ಸರ್ ಎನ್‌ಎಸ್ 200ಕ್ಕೆ ಮೂರು. ಕೈಗೆ ಸಿಗುವ ಒಂದನ್ನು ಬದಲಿಸಿ ಉಳಿದವನ್ನು ಮರೆತವರು ಬೇಕಾದಷ್ಟು ಜನ ಇದ್ದಾರೆ. ಸ್ಕೂಟರ್‌ನವರು ಬಾಡಿ ಪ್ಯಾನೆಲ್ ಎಲ್ಲ ಬಿಚ್ಚುವ ಮುಂಚೆ ಮ್ಯಾನುಯಲ್ ನೋಡಿ. ಕೆಲವದರಲ್ಲಿ ಪ್ಲಗ್ಗಿಗೆ ಅಂತಲೇ ಚಿಕ್ಕ ಮುಚ್ಚಳ ಕೊಟ್ಟಿರುತ್ತಾರೆ.

ಯಾವ ಬಗೆಯದು ಕೊಳ್ಳಲಿ?

ಪ್ಲಗ್ ಬಯಲಲ್ಲಿದ್ದರೆ ಟಿ ಸ್ಪ್ಯಾನರ್ ಚೆನ್ನ. ಎರಡೂ ಕೈಯಿಂದ ಸಮನಾಗಿ ಹಿಡಿಯುವುದರಿಂದ ಓರೆಯಾಗುವುದು ಕಡಿಮೆ, ಎಷ್ಟು ಬಿಗಿ ಇದೆ ಅನ್ನುವುದು ಕೈಗೆ ಗೊತ್ತಾಗುತ್ತದೆ. ಕೊಳವೆ ಸ್ಪ್ಯಾನರ್ ದಾರಿಗೆ ಇಟ್ಟುಕೊಳ್ಳಲು ಸರಿ. ಹಗುರ, ಅಗ್ಗ.

ಗುಂಡಿಯೊಳಗಿನ ಪ್ಲಗ್ಗಿಗೆ ಪ್ಲಗ್ ಸಾಕೆಟ್ ಎಂದೇ ಕೇಳಿ. ಡೀಪ್ ಸಾಕೆಟ್‌ಗೂ ಪ್ಲಗ್ ಸಾಕೆಟ್‌ಗೂ ಒಂದು ವ್ಯತ್ಯಾಸ ಇದೆ. ಪ್ಲಗ್ ಸಾಕೆಟ್ ಒಳಗೆ ಪಿಂಗಾಣಿಯನ್ನು ಹಿಡಿಯುವ ರಬ್ಬರ್ ಬಳೆಯೋ ಕಬ್ಬಿಣ ಹಿಡಿಯುವ ಮ್ಯಾಗ್ನೆಟ್ಟೋ ಇರುತ್ತದೆ. ಅದಿಲ್ಲದಿದ್ದರೆ ಬಿಚ್ಚಿದ ಪ್ಲಗ್ ಗುಂಡಿಯ ತಳದಲ್ಲೇ ಉಳಿಯುತ್ತದೆ. ನನಗೆ ರಬ್ಬರ್ ಇಷ್ಟ, ಅದು ಪಿಂಗಾಣಿಯನ್ನು ನೆಟ್ಟಗೆ ಹಿಡಿಯುತ್ತದೆ. ಮ್ಯಾಗ್ನೆಟ್ ಇರುವುದನ್ನು ತಂದರೆ ಪ್ರತಿ ಸಲ ಒಳಗೆ ಒರೆಸಿ. ಅಂಟಿಕೊಂಡ ಕಬ್ಬಿಣದ ಪುಡಿ ನೇರ ಇಂಜಿನ್ ಒಳಗೆ ಬೀಳಬಹುದು.

ಡ್ರೈವ್ 3/8 ಇಂಚು ತೆಗೆದುಕೊಳ್ಳಿ. ಅರ್ಧ ಇಂಚಿನದು ಈ ಕೆಲಸಕ್ಕೆ ದೊಡ್ಡದು. ಉದ್ದ ಹಿಡಿಯಿಂದ 10 ಮಿಮೀ ಥ್ರೆಡ್ ಮುರಿಯಲು ಬಲವೇ ಬೇಕಿಲ್ಲ. ಯೂನಿವರ್ಸಲ್ ಜಾಯಿಂಟ್ (ಎತ್ತ ಬೇಕಾದರೂ ಬಾಗುವ ಕೀಲು) ಬೇಕೇ ಬೇಕು ಅನ್ನುವಷ್ಟು ಇಕ್ಕಟ್ಟಿದ್ದರೆ ಮಾತ್ರ ಕೊಳ್ಳಿ. ಅದು ಸೊಂಟ ಮುರಿದ ಹಾಗೆ ಓಲಾಡುತ್ತದೆ, ಸಾಕೆಟ್ ಓರೆಯಾಗಲು ಅದೇ ಮೊದಲ ಕಾರಣ.

ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಾಗ ಹೀಗೆ ನೋಡಿ. ಒಳಗೆ ಆರು ಮೂಲೆ ಇರುವುದನ್ನೇ ಆರಿಸಿ. ಹನ್ನೆರಡು ಮೂಲೆಯದೂ ಕೂರುತ್ತದೆ, ಆದರೆ ಬಿಗಿಯಾಗಿ ಜಾಮ್ ಆದ ಪ್ಲಗ್ಗಿನಲ್ಲಿ ಜಾರಿ ಮೂಲೆ ಸವೆಸುತ್ತದೆ. ಜೇಬಿನ ಪ್ಲಗ್ ತೆಗೆದು ಸಾಕೆಟ್ಟಿಗೆ ತೂರಿಸಿ. ಆರು ಮುಖದ ಭಾಗ ಪೂರ್ತಿ ಒಳಗೆ ಹೋಯ್ತಾ? ಎಡಕ್ಕೆ ಬಲಕ್ಕೆ ತಿರುಗಿಸಿದರೆ ಎಷ್ಟು ಆಡುತ್ತದೆ? ಬೋರಲು ಹಿಡಿದರೆ ಪ್ಲಗ್ ಬೀಳುತ್ತದಾ? ಬೀಳಬಾರದು. ಮತ್ತೆ ಎಳೆದರೆ ಸುಲಭವಾಗಿ ಬರಬೇಕು. ನಿಮ್ಮ ಮದುವೆ ಕಾಗದದ ಕೊಳವೆ ತೂರಿಸಿ. ಇಷ್ಟಕ್ಕೆ ಎರಡು ನಿಮಿಷ. ಅಂಗಡಿಯವರು ಬೇಸರ ಮಾಡಿಕೊಂಡರೆ ಪಕ್ಕದ ಅಂಗಡಿಗೆ ಹೋಗಿ, ಎಸ್‌ಜೆಪಿ ರಸ್ತೆಯಲ್ಲಿ ಟೂಲ್ ಅಂಗಡಿಗೆ ಬರವಿಲ್ಲ. ಸಣ್ಣ ಊರಿನಲ್ಲಾದರೆ ಹಾರ್ಡ್‌ವೇರ್ ಅಂಗಡಿಗಿಂತ ಬೈಕ್ ಸ್ಪೇರ್ಸ್ ಅಂಗಡಿಯಲ್ಲೇ ಕೇಳಿ, ಆಯಾ ಗಾಡಿಯ ಕೊಳವೆ ಸ್ಪ್ಯಾನರ್ ಅಲ್ಲಿ ಬಿಡಿಯಾಗಿ ಸಿಗುವುದುಂಟು.

ತಪ್ಪು ಸ್ಪ್ಯಾನರ್ ಏನು ಮಾಡುತ್ತದೆ

ಒಂದು ಮಳೆಗಾಲ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಮೂರನೇ ತಿರುವಿನ ಹೊತ್ತಿಗೆ ಬೈಕ್ ಮುಕ್ಕರಿಸಲು ಶುರುಮಾಡಿತು. ಮಳೆ ನಿಂತರೆ ಸರಿ, ಜೋರಾದರೆ ಮತ್ತೆ ಅದೇ. ಪೆಟ್ರೋಲಿಗೆ ನೀರು ಸೇರಿದೆ ಅಂದುಕೊಂಡೆ. ಉಜಿರೆಯಲ್ಲಿ ಪ್ಲಗ್ ಬಿಚ್ಚಿದರೆ ಎಲೆಕ್ಟ್ರೋಡ್ ಚಂದ ಇದೆ, ಹಿಂದಿನ ವಾರವಷ್ಟೇ ನಾನೇ ಹಾಕಿದ ಹೊಸ ಪ್ಲಗ್. ಬೆಳಕಿಗೆ ಹಿಡಿದು ತಿರುಗಿಸಿದಾಗ ಕಂಡಿತು: ಪಿಂಗಾಣಿಯ ಬುಡದಲ್ಲಿ ಕೂದಲಿನಷ್ಟು ತೆಳುವಾದ ಬಿರುಕು, ಅದರುದ್ದಕ್ಕೂ ಕಪ್ಪು ಗೆರೆ. ಕರೆಂಟು ಎಲೆಕ್ಟ್ರೋಡಿಗೆ ಹೋಗುವ ಬದಲು ಆ ಬಿರುಕಿನಿಂದ ಪಕ್ಕದ ಕಬ್ಬಿಣಕ್ಕೆ ಹಾರುತ್ತಿತ್ತು. ನೀರು ಸೇರಿದರೆ ಇನ್ನೂ ಸಲೀಸು.

ಮಾಡಿದ್ದು ನಾನೇ. ಗೆಳೆಯನ ಅರ್ಧ ಇಂಚಿನ ರ‍್ಯಾಚೆಟ್, ರಬ್ಬರ್ ಇಲ್ಲದ ಡೀಪ್ ಸಾಕೆಟ್. ಬಿಗಿ ಮಾಡುವಾಗ ಹಿಡಿ ಫ್ರೇಮಿಗೆ ತಾಗುತ್ತದೆ ಅಂತ ಸ್ವಲ್ಪ ಓರೆ ಮಾಡಿದ್ದೆ. ಸಾಕೆಟ್ಟಿನ ಒಳಗೋಡೆ ಪಿಂಗಾಣಿಯನ್ನು ಪಕ್ಕಕ್ಕೆ ಒತ್ತಿದೆ. ಒಂದು ‘ಟಿಕ್’ ಶಬ್ದವೂ ಬಂದಿತ್ತು, ಕೂತುಕೊಂಡಿತು ಅಂತ ಖುಷಿಪಟ್ಟಿದ್ದೆ.

ಈಗ ಬಿಚ್ಚೋಣ

ಇಂಜಿನ್ ಪೂರ್ತಿ ತಣ್ಣಗಿರಲಿ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮಾಡಿದರೆ ಒಳ್ಳೆಯದು. ಅಲ್ಯೂಮಿನಿಯಂ ಹೆಡ್ ಬಿಸಿ ಇರುವಾಗ ಬಲವಂತ ಮಾಡಿದರೆ ಥ್ರೆಡ್ ಪ್ಲಗ್ಗಿನ ಜೊತೆಗೇ ಎದ್ದು ಬರಬಹುದು.

ಕ್ಯಾಪನ್ನು ಸ್ವಲ್ಪ ತಿರುಗಿಸುತ್ತಾ ನೇರ ಮೇಲಕ್ಕೆ ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ. ಆಮೇಲೆ ಗುಂಡಿಯ ಮಣ್ಣು, ಮರಳು ತೆಗೆಯಬೇಕು. ಇದನ್ನು ಬಿಟ್ಟರೆ ಪ್ಲಗ್ ಎದ್ದ ಕೂಡಲೇ ಅದೆಲ್ಲ ಸಿಲಿಂಡರ್ ಒಳಗೆ. ಕಂಪ್ರೆಸರ್ ಬೇಕಿಲ್ಲ, ಸೈಕಲ್ ಪಂಪಿನ ಪೈಪನ್ನು ಗುಂಡಿಗೆ ಬಿಟ್ಟು ನಾಲ್ಕು ಸಲ ಹೊಡೆಯಿರಿ. ಕಣ್ಣು ಆಚೆ ಇರಲಿ.

ಸಾಕೆಟ್ಟನ್ನು ಕೈಯಲ್ಲೇ ಇಳಿಸಿ, ತಿರುಗಿಸುತ್ತಾ ಒತ್ತಿ. ಆರು ಮುಖದ ಮೇಲೆ ‘ಧಪ್’ ಅಂತ ಕೂತದ್ದು ಗೊತ್ತಾಗಬೇಕು. ಆಮೇಲೇ ಹಿಡಿ ಸೇರಿಸಿ. ಒಂದು ಕೈ ಸಾಕೆಟ್ಟಿನ ನೇರಕ್ಕೆ ರ‍್ಯಾಚೆಟ್ಟಿನ ತಲೆ ಮೇಲೆ ಇರಲಿ, ಇನ್ನೊಂದು ಕೈ ಹಿಡಿಯ ಮೇಲೆ. ಅಪ್ರದಕ್ಷಿಣೆಯಾಗಿ ತಿರುಗಿಸಿ. ಮೊದಲ ಬಿಗಿ ಬಿಟ್ಟ ಮೇಲೆ ರ‍್ಯಾಚೆಟ್ ತೆಗೆದು ಬೆರಳಲ್ಲೇ ಬಿಚ್ಚಿ. ನಡುವೆ ಕಿರುಗುಟ್ಟಿ ಬಿಗಿಯಾದರೆ ನಿಲ್ಲಿಸಿ. ಥ್ರೆಡ್ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಕಾಲು ಸುತ್ತು ಹಿಂದೆ, ಅರ್ಧ ಸುತ್ತು ಮುಂದೆ, ಹೀಗೆ ಆಡಿಸುತ್ತಾ ಹೊರಗೆ ತನ್ನಿ.

ಗುಂಡಿಯ ಬೈಕಿನವರಿಗೆ ಒಂದು ಎಚ್ಚರಿಕೆ. ರಬ್ಬರ್ ಪ್ಲಗ್ಗನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಅಂದರೆ, ಹೊಸ ಪ್ಲಗ್ ಬಿಗಿ ಮಾಡಿ ಮೇಲಕ್ಕೆ ಎಳೆದಾಗ ಎಕ್ಸ್‌ಟೆನ್ಷನ್ ಮಾತ್ರ ಕೈಗೆ ಬರುತ್ತದೆ, ಸಾಕೆಟ್ ಪ್ಲಗ್ಗಿನ ಮೇಲೆ ಕೂತೇ ಇರುತ್ತದೆ. ಬೆರಳು ತಲುಪುವುದಿಲ್ಲ, ಇಕ್ಕಳ ಹೋಗುವುದಿಲ್ಲ. ನಾನು ಒಂದು ಭಾನುವಾರ ಇದರಲ್ಲೇ ಕಳೆದಿದ್ದೇನೆ. ಮೊದಲೇ ಸಾಕೆಟ್, ಎಕ್ಸ್‌ಟೆನ್ಷನ್ ಸೇರುವ ಜಾಗಕ್ಕೆ ಇನ್ಸುಲೇಷನ್ ಟೇಪ್ ಎರಡು ಸುತ್ತು ಬಿಗಿಯಾಗಿ ಸುತ್ತಿಬಿಡಿ. ಜಾಸ್ತಿ ಸುತ್ತಿದರೆ ದಪ್ಪವಾಗಿ ಗುಂಡಿಗೆ ಇಳಿಯುವುದಿಲ್ಲ, ಎರಡೇ ಸಾಕು. ಮೇಲೆ ಜಾಗ ಇಲ್ಲದೆ ತುಂಡು ತುಂಡಾಗಿ ಜೋಡಿಸುವವರು ಟೇಪ್ ಸುತ್ತಲಾರರು. ಅವರು ಸಾಕೆಟ್ಟಿಗೆ ಕಚ್ಚಿಕೊಳ್ಳುವ ಲಾಕಿಂಗ್ ಎಕ್ಸ್‌ಟೆನ್ಷನ್ ಕೇಳಿ ತರಲಿ.

ಹೊಸದು ಹಾಕುವಾಗ

ಹಳೆಯ ಪ್ಲಗ್, ಹೊಸ ಪ್ಲಗ್ ಪಕ್ಕಪಕ್ಕ ಹಿಡಿಯಿರಿ. ಥ್ರೆಡ್ಡಿನ ಉದ್ದ ಒಂದೇ ಇರಬೇಕು. ತುದಿಯ ಮೊಳೆಯನ್ನೂ ನೋಡಿ. ಎಷ್ಟೋ ಹೊಸ ಪ್ಲಗ್‌ಗಳ ತುದಿಗೆ ಬಿಚ್ಚಬಹುದಾದ ಪುಟ್ಟ ನಟ್ ಹಾಕಿರುತ್ತಾರೆ. ನಿಮ್ಮ ಹಳೆಯದರಲ್ಲಿ ಆ ನಟ್ ಇಲ್ಲದೆ ಬರೀ ಥ್ರೆಡ್ ಇದ್ದರೆ ಹೊಸದರಿಂದಲೂ ಅದನ್ನು ಬಿಚ್ಚಿ, ಇಲ್ಲದಿದ್ದರೆ ಕ್ಯಾಪ್ ಕೂರುವುದಿಲ್ಲ. ಹಳೆಯದರಲ್ಲಿ ಇದ್ದರೆ ಹೊಸದರದ್ದು ಬಿಗಿಯಾಗಿದೆಯಾ ನೋಡಿ. ಕಿಡಿ ಹಾರುವ ಸಂದನ್ನು, ಅಂದರೆ ಗ್ಯಾಪನ್ನು, ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳು) ಮ್ಯಾನುಯಲ್‌ನ ಅಳತೆಗೆ ತಾಳೆ ಮಾಡಿ. ಎನ್‌ಜಿಕೆ ನಂಬರಿನ ಕೊನೆಯಲ್ಲಿ -9 ಇದ್ದರೆ 0.9 ಮಿಮೀ ಎಂದರ್ಥ.

ಥ್ರೆಡ್ ಹಿಡಿಸುವಾಗ ರ‍್ಯಾಚೆಟ್ ಮುಟ್ಟಲೇಬೇಡಿ. ಹಳೆಯ ಪೆಟ್ರೋಲ್ ಪೈಪಿನ ಒಂದು ಗೇಣು ತುಂಡನ್ನು ಪಿಂಗಾಣಿ ತುದಿಗೆ ಸಿಕ್ಕಿಸಿ, ಅದರಿಂದ ಪ್ಲಗ್ಗನ್ನು ಇಳಿಸಿ ತಿರುಗಿಸಿ. ಥ್ರೆಡ್ ಅಡ್ಡ ಹಿಡಿದರೆ ಪೈಪ್ ಜಾರುತ್ತದೆ, ಹೆಡ್ಡಿಗೆ ಏನೂ ಆಗುವುದಿಲ್ಲ. ಈ ಹತ್ತು ಪೈಸೆಯ ಪೈಪ್ ನನ್ನ ಪ್ರಕಾರ ಇಡೀ ಕಿಟ್ಟಿನಲ್ಲಿ ಅತಿ ಮುಖ್ಯವಾದ ಟೂಲ್. ಥ್ರೆಡ್ ಹೋದರೆ ಹೆಡ್ ಬಿಚ್ಚಿ ಲೇತಿಗೆ ಕೊಡಬೇಕಾದೀತು.

ವಾಷರ್ ಹೆಡ್ಡಿಗೆ ತಾಗುವವರೆಗೆ ಬೆರಳಲ್ಲೇ ಬರಬೇಕು. ಆಮೇಲೆ ಸ್ಪ್ಯಾನರ್. ಎಷ್ಟು ಬಿಗಿಯಾಯಿತು ಎಂದು ಅಳೆಯುವ ಟಾರ್ಕ್ ರೆಂಚ್ ಇದ್ದರೆ ಮ್ಯಾನುಯಲ್ ಹೇಳಿದಷ್ಟು. ಸಾಮಾನ್ಯವಾಗಿ 10 ಮಿಮೀ ಥ್ರೆಡ್ಡಿಗೆ 10ರಿಂದ 12 ನ್ಯೂಟನ್ ಮೀಟರ್, 12 ಮಿಮೀಗೆ 15ರಿಂದ 20, 14 ಮಿಮೀಗೆ 25ರಿಂದ 30. ಟಾರ್ಕ್ ರೆಂಚ್ ಇಲ್ಲದಿದ್ದರೆ ಗಡಿಯಾರ ನೆನಪಿಸಿಕೊಳ್ಳಿ. ಹೊಸ ಪ್ಲಗ್ಗಿನ ವಾಷರ್ ಇನ್ನೂ ಚಪ್ಪಟೆಯಾಗಿರುವುದಿಲ್ಲ, ಹಾಗಾಗಿ ಹಿಡಿ ಹನ್ನೆರಡರಿಂದ ಆರರವರೆಗೆ, ಅಂದರೆ ಅರ್ಧ ಸುತ್ತು ಹೋಗಬೇಕು. ಅದೇ ಹಳೆಯ ಪ್ಲಗ್ಗನ್ನು ಒರೆಸಿ ಮತ್ತೆ ಹಾಕುವುದಾದರೆ ಹನ್ನೆರಡರಿಂದ ಒಂದರವರೆಗೆ ಮಾತ್ರ. ಥ್ರೆಡ್ಡಿಗೆ ಗ್ರೀಸ್ ಹಚ್ಚಬೇಡಿ, ಗೊತ್ತಾಗದೆ ಜಾಸ್ತಿ ಬಿಗಿಯಾಗಿಬಿಡುತ್ತದೆ. ಕ್ಯಾಪ್ ಒತ್ತಿ, ಸ್ಟಾರ್ಟ್ ಮಾಡಿ.

ದಾರಿಯಲ್ಲಿ ನಿಂತಾಗ, ಸ್ಪ್ಯಾನರ್ ಇಲ್ಲದಾಗ

ಪ್ಲಗ್ ಬಯಲಲ್ಲಿದ್ದರೆ ಅದೇ ಸೈಜಿನ ರಿಂಗ್ ಸ್ಪ್ಯಾನರ್ ಕೂಡ ನಡೆಯುತ್ತದೆ. ಕ್ಯಾಪ್ ತೆಗೆದು ರಿಂಗನ್ನು ಪಿಂಗಾಣಿಯ ಮೇಲಿಂದ ಬಳೆ ತೊಡಿಸುವ ಹಾಗೆ ಇಳಿಸಿದರೆ ಆರು ಮುಖದ ಮೇಲೆ ಕೂರುತ್ತದೆ. ಪಕ್ಕದ ಫಿನ್‌ಗಳು (ಇಂಜಿನ್ ತಣಿಸುವ ಲೋಹದ ರೆಕ್ಕೆಗಳು) ಅಡ್ಡ ಬರದಿದ್ದರೆ ಆಯ್ತು. ಪಂಕ್ಚರ್ ಅಂಗಡಿಯಲ್ಲಿ 16-17ರ ರಿಂಗ್ ಸಿಗುವುದು ಕಷ್ಟವೇನಲ್ಲ. ಇಕ್ಕಳ, ಪೈಪ್ ರೆಂಚ್ ಮಾತ್ರ ಬೇಡ. ಪೈಪ್ ರೆಂಚಿನ ಹಲ್ಲು ಮೂಲೆಗಳನ್ನು ತಿಂದುಹಾಕಿದರೆ ಆಮೇಲೆ ಸರಿಯಾದ ಸ್ಪ್ಯಾನರ್ ತಂದರೂ ಅದು ಜಾರುತ್ತದೆ. ಗುಂಡಿಯ ಪ್ಲಗ್ಗಾದರೆ ಸುಮ್ನೆ ಒದ್ದಾಡದೆ ಗಾಡಿ ತಳ್ಳಿಕೊಂಡು ಹತ್ತಿರದ ಮೆಕ್ಯಾನಿಕ್ ಹತ್ತಿರ ಹೋಗುವುದೇ ಮೇಲು.

ನನ್ನ ಬೈಕಿನ ಸೀಟಿನ ಕೆಳಗೆ ಈಗ ಕೊಳವೆ ಸ್ಪ್ಯಾನರ್, ಡಬ್ಬಿ ಸಮೇತ ಒಂದು ಹೊಸ ಪ್ಲಗ್, ಒಂದು ಗೇಣು ಪೆಟ್ರೋಲ್ ಪೈಪ್ ಇವೆ. ಲಡಲಡ ಸದ್ದು ಬರದ ಹಾಗೆ ಮೂರನ್ನೂ ಹಳೆಯ ಸೈಕಲ್ ಟ್ಯೂಬಿನ ತುಂಡಿನೊಳಗೆ ತೂರಿಸಿ ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಟ್ಯೂಬಿನ ಮೇಲೆ ಬಿಳಿ ಪೇಂಟಿನಲ್ಲಿ ದೊಡ್ಡದಾಗಿ 16 ಎಂದು ಬರೆದಿದೆ.